ಹಲಗಿ ಕೇಳಸ್ತೈತಿ, ಹೆಸರು ಕೇಳಸೂದಿಲ್ಲ!

ಗದಗ ಸ್ಟೇಶನ್ನಿನಲ್ಲಿ ಇಳಿದು ಯಾರನ್ನಾದರೂ ಕೇಳಿ ನೋಡ್ರಿ: "ಈ ಊರಾಗ ಕಲಾವಿದರು ಎಲ್ಲಿ ಅದಾರ?" ಎದೆ ಉಬ್ಬಿಸಿ ಹೇಳ್ತಾರ. ಕುಮಾರವ್ಯಾಸ ಭಾರತ ಬರೆದದ್ದು ಇಲ್ಲೇ, ವೀರನಾರಾಯಣನ ಗುಡಿಯಾಗ. ಶಾಂತಕವಿಗಳು 1870ರ ದಶಕದಲ್ಲಿ ಕನ್ನಡದ ನಾಟಕ ಮಂಡಳಿ ಕಟ್ಟಿದ್ದು ಇಲ್ಲೇ. ಗರುಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿ ಈ ಊರಿನದು. ಪಂಚಾಕ್ಷರ ಗವಾಯಿಗಳ, ಪುಟ್ಟರಾಜ ಗವಾಯಿಗಳ ವೀರೇಶ್ವರ ಪುಣ್ಯಾಶ್ರಮ ಈ ಊರಿನದು. ಭೀಮಸೇನ ಜೋಶಿ ನಮ್ಮ ರೋಣದಾಗ ಹುಟ್ಟಿದವರು. ಚಿತ್ರ ಕಲಿಯೋರಿಗೆ ಟಿ.ಪಿ. ಅಕ್ಕಿಯವರ ವಿಜಯ ಕಲಾ ಮಂದಿರ ಐತಿ. ಶಿರಹಟ್ಟಿಗೆ ಹೋದರೆ ವೆಂಕೋಬರಾಯರ ನಾಟಕ ಕಂಪನಿಯ ಸುದ್ದಿ ಹೇಳ್ತಾರ. ಲಕ್ಷ್ಮೇಶ್ವರಕ್ಕೆ ಹೋದರೆ ಪಂಪ, ಪುಲಿಗೆರೆ, ಸೋಮೇಶ್ವರನ ಗುಡಿ ತೋರಿಸ್ತಾರ.

ಎಲ್ಲಾ ಖರೆ. ಒಂದನ್ನೂ ನಾವು ಸುಳ್ಳು ಅನ್ನೂದಿಲ್ಲ. ಆದರೆ ಈ ಪಟ್ಟಿಯೊಳಗ ಕೇರಿ ಎಲ್ಲೈತಿ? ಹೊಲಗೇರಿ ಎಲ್ಲೈತಿ, ಮಾದರ ಓಣಿ ಎಲ್ಲೈತಿ, ಭಜಂತ್ರಿ ಓಣಿ ಎಲ್ಲೈತಿ, ಶಿಳ್ಳೇಕ್ಯಾತರ ಗುಡಿಸಲು ಎಲ್ಲೈತಿ, ಶಿರಹಟ್ಟಿ-ಮುಂಡರಗಿ ಕಡೆಯ ಲಂಬಾಣಿ ತಾಂಡಾ ಎಲ್ಲೈತಿ? ಈ ನಾಲ್ಕೂ ಊರಿನ ಯಾವ ಜಾತ್ರೆಯ ಪಲ್ಲಕ್ಕಿ ನಮ್ಮ ಹಲಗಿ ಇಲ್ಲದ ಹೊರಟೈತಿ? ಯಾವ ಮದುವಿ ಸನಾದಿ ಇಲ್ಲದ ಆಗಿತ್ತು? ಯಾವ ಹೆಣ ನಮ್ಮ ಬಡಿತ ಇಲ್ಲದ ಕುಣಿ ಸೇರಿತ್ತು? ಹುಟ್ಟಿದಾಗಿಂದ ಸಾಯೂತನಕ ಊರ ಕಿವಿ ತುಂಬಿದವರು ನಾವು. ಕಲಾವಿದರು ಯಾರು ಅಂದಾಗ ಮಾತ್ರ ಊರಿಗೆ ನಮ್ಮ ನೆನಪಿಲ್ಲ!

ಇದು ಬರೇ ಮಾನ-ಮರ್ಯಾದೆಯ ಮಾತು ಅಂತ ತಿಳೀಬ್ಯಾಡ್ರಿ. ಇದು ಹೊಟ್ಟಿಯ ಮಾತು. ಹೆಂಗ ಅಂತ ಕೇಳ್ರಿ.

ಹೋದ ವರ್ಷ ನಮ್ಮ ಓಣಿಯ ಹಿರಿಯರೊಬ್ಬರನ್ನು ಕರಕೊಂಡು ಒಂದು ಕಚೇರಿಗೆ ಹೋಗಿದ್ದೆ. ನಾವೆಲ್ಲ ಅವರಿಗೆ ಕಾಕಾ ಅಂತೇವಿ. ಮುಪ್ಪಾದ, ಕಷ್ಟದಲ್ಲಿರುವ ಕಲಾವಿದರಿಗೆ ಸರಕಾರ ಮಾಸಾಶನ ಕೊಡುತ್ತದೆ. ಅದಕ್ಕೆ ಅರ್ಜಿ ಹಾಕೋಣ ಅಂತ ಹೋಗಿದ್ದು. ಗುಮಾಸ್ತರು ಕೆಟ್ಟವರಲ್ಲ, ಕುರ್ಚಿ ಕೊಟ್ಟರು. ಆಮೇಲೆ ಕೇಳಿದರು:

"ಕಲಾವಿದರು ಅನ್ನೂದಕ್ಕ ದಾಖಲೆ ಏನೈತಿ ಯಜಮಾನ್ರ?"

"ಸಾಹೇಬ್ರ, ನಲವತ್ತು ವರ್ಷ ಆತ್ರಿ, ಹಲಗಿ ಬಾರಿಸಿಕೋತ ಬಂದೀನಿ. ಊರ ಮಂದೀನ್ನ ಕೇಳ್ರಿ."

"ಬಾಯಿಮಾತು ನಡಿಯಂಗಿಲ್ರಿ. ಆಮಂತ್ರಣ ಪತ್ರಿಕೆ ಬೇಕು, ಪ್ರಶಸ್ತಿ ಪತ್ರ ಬೇಕು, ಫೋಟೋ ಬೇಕು. ಪತ್ರಿಕೆಯೊಳಗ ನಿಮ್ಮ ಹೆಸರಿರಬೇಕು."

ಕಾಕಾ ಮನೆಗೆ ಬಂದು ಟ್ರಂಕು ತೆಗೆದರು. ಜಾತ್ರೆಯ ಕರಪತ್ರಗಳನ್ನು ಜ್ವಾಕಿಯಿಂದ ಮಡಚಿ ಇಟ್ಟಿದ್ದರು. ಗುಲಾಬಿ, ಹಳದಿ, ಒಟ್ಟು ಒಂಬತ್ತು. ನಾನು ಒಂದೊಂದೇ ಓದಿದೆ. ದಿವ್ಯ ಸಾನ್ನಿಧ್ಯ ಯಾರದು, ಐತಿ. ಅಧ್ಯಕ್ಷತೆ ಯಾರದು, ಐತಿ. ಮುಖ್ಯ ಅತಿಥಿಗಳು ಹದಿನಾಲ್ಕು ಮಂದಿ ಅದಾರ. ಅನ್ನಸಂತರ್ಪಣೆ ಯಾರ ಸೇವಾ, ಐತಿ. ಹೂವಿನ ಹಾರ ಕೊಟ್ಟವರ ಹೆಸರು ಐತಿ. ಪೆಂಡಾಲು, ಮೈಕಿನವನ ಹೆಸರು ಐತಿ. ಕೆಳಗ ಸಣ್ಣ ಅಕ್ಷರದಾಗ ಪ್ರೆಸ್ಸಿನ ಹೆಸರೂ ಐತಿ. ಕಾಕಾನ ಹೆಸರು ಒಂಬತ್ತರೊಳಗ ಒಂದರಾಗೂ ಇಲ್ಲ.

ಕಾಕಾಗ ಓದಾಕ ಬರೂದಿಲ್ಲ. ಆದರೂ ಒಂದು ಸಾಲಿನ ಜಾಗ ಅವರಿಗೆ ಗೊತ್ತಿತ್ತು. ಯಾರೋ ಹಿಂದೆ ಓದಿ ಹೇಳಿದ್ದರಂತ. ಬೆರಳಿಟ್ಟು ತೋರಿಸಿದರು: "ಇಲ್ನೋಡ ತಮ್ಮಾ, ಇದರಾಗ ನಾ ಅದೀನಿ." ನಾನು ಓದಿದೆ. ಅಲ್ಲಿ "ಸಕಲ ವಾದ್ಯಮೇಳಗಳೊಂದಿಗೆ ಪಲ್ಲಕ್ಕಿ ಉತ್ಸವ ಜರುಗುವುದು" ಅಂತ ಇತ್ತು.

ನಲವತ್ತು ವರ್ಷದ ವಿದ್ಯೆ, ಭುಜದ ಮ್ಯಾಲೆ ಹಲಗಿಯ ಪಟ್ಟಿ ಒತ್ತಿ ಆದ ಕರೀ ಗುರುತು, ಉರಿಗೆ ಕಾಸಿ ಕಾಸಿ ಸುಟ್ಟ ಬೆರಳು, ಎಲ್ಲಾ ಸೇರಿ ಎಷ್ಟಾತು? "ಸಕಲ ವಾದ್ಯಮೇಳ"! ಎರಡೇ ಎರಡು ಶಬ್ದ! ಆ ಎರಡು ಶಬ್ದದೊಳಗ ನಮ್ಮ ಎಷ್ಟು ಮಂದಿ ಹೂತು ಹೋಗ್ಯಾರ! ಹೆಸರು ಹಾಕದವರಿಗೆ ಅದು ಒಂದು ಸಾಲು ಉಳಿಸಿದ ಲೆಕ್ಕ. ಕಾಕಾಗ ಅದು ಸಾಯೂತನಕದ ಮಾಸಾಶನ ಕಳಕೊಂಡ ಲೆಕ್ಕ. ಅರ್ಜಿ ಇನ್ನೂ ಟ್ರಂಕಿನಾಗ ಐತಿ.

ಹೆಸರು ಯಾಕ ಹಾಕೂದಿಲ್ಲ? ಮರೆವಿನಿಂದ ಅಂತೀರೇನು? ಹೂವಿನ ಹಾರದವನನ್ನು ಮರೀದ ಊರು ಹಲಗಿಯವನನ್ನು ಮರೀತದೇನು? ಕಾರಣ ಬ್ಯಾರೆ ಐತಿ. ಹಾರದವನು ಸೇವಾ ಮಾಡ್ತಾನ. ಹಲಗಿಯವನು ಚಾಕರಿ ಮಾಡ್ತಾನ. ಚಾಕರಿ ಮಾಡೂವನು ಊರಿಗೆ ಮಾಡಲೇಬೇಕು, ಅದು ಅವನ ಹುಟ್ಟಿಗೆ ಬಂದದ್ದು, ಅದಕ್ಕೆ ಹೆಸರೇನು, ಸನ್ಮಾನವೇನು? ಇದು ಊರಿನ ಲೆಕ್ಕ. ಇದರ ಬೇರು ವತನದಾಗ ಐತಿ.

ನಮ್ಮ ಹುಡುಗರು ಇದನ್ನು ತಿಳಕೋಬೇಕು. ಬ್ರಿಟಿಷರ ಕಾಲಕ್ಕೆ ಗದಗ, ಮುಂಡರಗಿ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಯೊಳಗಿದ್ದವು. ಶಿರಹಟ್ಟಿ ಸಾಂಗ್ಲಿ ಸಂಸ್ಥಾನದ್ದು, ಲಕ್ಷ್ಮೇಶ್ವರ ಮಿರಜ ಸಂಸ್ಥಾನದ್ದು. ರಾಜ್ಯ ಬ್ಯಾರೆ ಬ್ಯಾರೆ, ನಮ್ಮ ಚಾಕರಿ ಒಂದೇ. ಮುಂಬಯಿ ಪ್ರಾಂತದಾಗ 1874ರ ವತನ ಕಾಯ್ದೆ ಇತ್ತು. ಊರ ಚಾಕರಿಯನ್ನು ವಂಶಕ್ಕೆ ಕಟ್ಟಿಹಾಕಿದ ಕಾಯ್ದೆ ಅದು. ಒಂದು ತುಂಡು ಹೊಲ, ಸುಗ್ಗಿಯಾಗ ನಾಕು ಸೇರು ಕಾಳು ಕೊಟ್ಟು ಹಗಲು ರಾತ್ರಿ ದುಡಿಸಿಕೊಳ್ಳುವ ಪದ್ಧತಿ. ಬಾಬಾಸಾಹೇಬರು 1928ರಲ್ಲಿ ಮುಂಬಯಿ ಶಾಸನಸಭೆಯೊಳಗ ಈ ಕಾಯ್ದೆ ತಿದ್ದಬೇಕು ಅಂತ ಮಸೂದೆ ತಂದರು. ಅದು ಪಾಸಾಗಲಿಲ್ಲ. ಕಡೆಗೆ ಮೈಸೂರು ರಾಜ್ಯದ 1961ರ ಗ್ರಾಮಾಧಿಕಾರ ರದ್ದತಿ ಕಾಯ್ದೆ ಬಂತು, 1963ರ ಫೆಬ್ರುವರಿ 1ರಿಂದ ಜಾರಿಯಾತು. ಕಾಗದದ ಮ್ಯಾಲೆ ವತನ ಸತ್ತು ಅರವತ್ತು ವರ್ಷ ದಾಟಿತು.

ಆದರೆ ಜಾತ್ರೆಯ ಹಿಂದಿನ ದಿನ ಓಣಿಯ ತುದಿಗೆ ನಿಂತು "ಏ, ನಾಳೆ ಹಲಗಿ ತಗೊಂಡು ಬರ್ರಿ" ಅಂತ ಕೂಗೂವನ ದನಿಯೊಳಗ ವತನ ಇನ್ನೂ ಜೀವಂತ ಐತಿ. ನಾಟಕದ ಕಂಪನಿಗೆ ಮುಂಗಡ ಕೊಡ್ತಾರ. ಆರ್ಕೆಸ್ಟ್ರಾದವರಿಗೆ ಕರಾರು ಬರೀತಾರ. ಡಿ.ಜೆ. ತರೂವನಿಗೆ ಡೀಸೆಲ್ ರೊಕ್ಕ ಬ್ಯಾರೆ. ಹಲಗಿಯವನಿಗೆ ಮಾತ್ರ ಕೂಗು!

ಭೀಮಸೇನ ಜೋಶಿಯವರ ಸುದ್ದಿ ನೀವೆಲ್ಲ ಕೇಳೀರಿ. ಸಣ್ಣವರಿದ್ದಾಗ ಭಜನಿ, ಬ್ಯಾಂಡಿನ ಮೆರವಣಿಗೆ ಕಂಡರೆ ಹಿಂದೆ ಹೋಗಿಬಿಡತಿದ್ದರಂತ. ದಣಿದು ಎಲ್ಲೋ ಮಲಗತಿದ್ದರಂತ. ಕಡೆಗೆ ಅವರ ತಂದೆ, ಇವನು ಜೋಶಿ ಮಾಸ್ತರರ ಮಗ ಅಂತ ಅಂಗಿಯ ಮ್ಯಾಲೇ ಬರೆದರಂತ, ಯಾರಾದರೂ ಮನಿಗೆ ಮುಟ್ಟಿಸಲಿ ಅಂತ. ಒಳ್ಳೇ ಸುದ್ದಿ. ಹಿಂದೆ ಹೋದ ಹುಡುಗನಿಗೆ 2008ರಲ್ಲಿ ಭಾರತರತ್ನ ಬಂತು, ನಮಗೂ ಸಂತೋಷ. ಆದರೆ ಮುಂದೆ ಬಾರಿಸಿಕೋತ ಹೋದವರು ಯಾರು? ಆ ಹುಡುಗನ ಕಿವಿಗೆ ಮೊದಲ ತಾಳ ಹಾಕಿದವರು ಯಾರು? ಇಷ್ಟು ವರ್ಷದಾಗ ಈ ಪ್ರಶ್ನೆ ಕೇಳಬೇಕು ಅಂತ ಯಾರಿಗೆ ಅನಿಸೈತಿ? ಕೇಳೂವನ ಅಂಗಿ ಮ್ಯಾಲೆ ಹೆಸರು ಬರೆದರು. ಬಾರಿಸುವವನ ಹೆಸರು ಎಲ್ಲಿಯೂ ಬರೀಲಿಲ್ಲ.

"ಸನಾದಿ ಅಪ್ಪಣ್ಣ" ಸಿನೆಮಾ 1977ರಾಗ ಬಂತು. ರಾಜಕುಮಾರರು ಸನಾದಿ ಹಿಡಿದರು, ಹಿಂದೆ ಉಸ್ತಾದ ಬಿಸ್ಮಿಲ್ಲಾ ಖಾನರು ನುಡಿಸಿದರು. ಟಾಕೀಜಿನಾಗ ಕುಂತು ಮಂದಿ ಅತ್ತರು. ಅತ್ತ ಮಂದಿಯೇ ಮನಿಯ ಮದುವ್ಯಾಗ ಭಜಂತ್ರಿಯವರನ್ನು ಪೆಂಡಾಲಿನ ಹೊರಗ ಕೂಡಿಸಿದರು, ಕಡೇ ಪಂಕ್ತಿಗೆ ಊಟ ಹಾಕಿದರು. ಪರದೆ ಮ್ಯಾಲಿನ ಸನಾದಿಗೆ ಕಣ್ಣೀರು, ಅಂಗಳದಾಗಿನ ಸನಾದಿಗೆ ಉಳಿದ ಅನ್ನ! ಇದಕ್ಕೆ ಏನಂತ ಹೆಸರಿಡೋಣ ಬಂಧುಗಳೇ?

ಪುಣ್ಯಾಶ್ರಮದ ಮಾತು ಬ್ಯಾರೆ. ಕಣ್ಣಿಲ್ಲದ ಬಡ ಮಕ್ಕಳನ್ನು ಕರೆದು ಅನ್ನ ಹಾಕಿ ಹಾರ್ಮೋನಿಯಂ, ತಬಲಾ ಕಲಿಸಿದ ಜಾಗ ಅದು. 1944ರಲ್ಲಿ ಪಂಚಾಕ್ಷರ ಗವಾಯಿಗಳು ಹೋದ ಮ್ಯಾಲೆ ಪುಟ್ಟರಾಜರು 2010ರಲ್ಲಿ ತೀರುವ ತನಕ ಆ ಕೆಲಸ ನಡೆಸಿದರು. ಅದಕ್ಕೆ ನಾವು ತಲೆ ಬಾಗತೇವಿ. ಆದರೆ ಕಣ್ಣಿಲ್ಲದವರಿಗೆ ವಿದ್ಯೆ ಕೊಟ್ಟ ಊರಿನಾಗ ಕಣ್ಣಿದ್ದವರಿಗೆ ನಮ್ಮ ಕೇರಿ ಕಾಣಲಿಲ್ಲ. ಹಲಗಿ ಕಲಿಸುವ ಶಾಲೆ ಯಾವುದು? ನಮ್ಮ ಹುಡುಗ ಮುರುಕು ಡಬ್ಬಿ ಬಡದು ಕಲೀಬೇಕು. ದೇವರ ಬಡಿತ ಬ್ಯಾರೆ, ಮದುವಿ ಬಡಿತ ಬ್ಯಾರೆ, ಹೆಣದ ಬಡಿತ ಬ್ಯಾರೆ, ಡಂಗುರದ ಬಡಿತ ಬ್ಯಾರೆ. ಹೊಲದಾಗ ನಿಂತ ಮುದುಕಿ ದೂರದಿಂದ ಕೇಳಿ ಊರಾಗ ಏನಾತು ಅಂತ ಹೇಳ್ತಾಳ. ಇಷ್ಟು ವ್ಯಾಕರಣ ಇದ್ದದ್ದಕ್ಕ ವಿದ್ಯೆ ಅನ್ನದ ಇನ್ನೇನನ್ನಬೇಕು?

ಲಕ್ಷ್ಮೇಶ್ವರದವರು ಅಭಿಮಾನದಿಂದ ಹೇಳ್ತಾರ, ಕವಿರಾಜಮಾರ್ಗ ತಿರುಳ್ಗನ್ನಡದ ನಾಡು ಅಂತ ಕಿಸುವೊಳಲು, ಕೊಪಣ, ಪುಲಿಗೆರೆ, ಒಕ್ಕುಂದಗಳನ್ನು ಎಣಿಸೈತಿ ಅಂತ. ಆ ಪುಲಿಗೆರೆ ಇದೇ ಲಕ್ಷ್ಮೇಶ್ವರ. ಆ ತಿರುಳ್ಗನ್ನಡ ಇವತ್ತು ಯಾರ ಬಾಯಾಗ ಐತಿ? ಚೌಡಿಕಿ ಹಿಡಿದು ರಾತ್ರಿಯೆಲ್ಲ ಎಲ್ಲಮ್ಮನ ಪದ ಹಾಡೂ ನಮ್ಮ ಅವ್ವಂದಿರ ಬಾಯಾಗ ಐತಿ. ಬೀಸೂಕಲ್ಲಿನ ಮುಂದ ಹಾಡಿದ ಆಯಿ ಬಾಯಾಗ ಇತ್ತು. ಉತ್ಸವದ ವೇದಿಕೆ ಮ್ಯಾಲೆ ತಿರುಳ್ಗನ್ನಡದ ಭಾಷಣ ಮಾಡೋರು ಒಮ್ಮೆ ಓಣಿಗೆ ಬಂದು ಕೂಡಲಿ.

ಉತ್ಸವದ ಮಾತು ಬಂತಲ್ಲ, ಅದನ್ನೂ ಹೇಳಿಬಿಡ್ತೀನಿ. ಈಗೀಗ ಜನಪದ ಕಲೆಯನ್ನು "ಹುಡುಕುವ" ಮಂದಿ ಹೆಚ್ಚಾಗ್ಯಾರ. ಲಕ್ಕುಂಡಿ ಉತ್ಸವ ಆಗ್ತದ. 2010ರ ಫೆಬ್ರುವರಿಯಾಗ ಗದುಗಿನಲ್ಲೇ 76ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ಆತು, ಗೀತಾ ನಾಗಭೂಷಣ ಅವರು ಅಧ್ಯಕ್ಷರಾಗಿದ್ದರು. ಹೆಣ್ಣುಮಗಳೊಬ್ಬಳು ಆ ಕುರ್ಚಿಯಾಗ ಕುಂತದ್ದು ನಮಗೂ ಹೆಮ್ಮೆ. ಆದರೆ ಸಮ್ಮೇಳನ ಯಾವ ಊರಾಗ ಆಗಲಿ, ಉತ್ಸವ ಯಾರದೇ ಇರಲಿ, ಮೆರವಣಿಗೆಯ ಪದ್ಧತಿ ಒಂದೇ: ಜನಪದ ತಂಡಗಳು ಬಿಸಿಲಾಗ ಮುಂದ ನಡೀಬೇಕು, ವೇದಿಕೆ ಬಂದ ಕೂಡಲೇ ಪಕ್ಕಕ್ಕೆ ಸರೀಬೇಕು. ರಸ್ತೆ ನಮ್ಮದು, ವೇದಿಕೆ ಅವರದು! ಮರುದಿನ ಪೇಪರಿನಾಗ ನಮ್ಮ ಫೋಟೋ ದೊಡ್ಡದು ಬರ್ತದ, ಕೆಳಗ "ಗಮನ ಸೆಳೆದ ಕಲಾತಂಡ" ಅಂತ ಬರೀತಾರ. ಗಮನ ಸೆಳೆದವರಿಗೆ ಹೆಸರಿಲ್ಲೇನ್ರಿ?

ನಮ್ಮ ಮಗ್ಗಲ ಜಿಲ್ಲಾ ಕೊಪ್ಪಳದ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು. ತೊಗಲುಗೊಂಬಿ ಆಡಿಸಿದ ತಾಯಿ. ಆಗ ಅವರ ವಯಸ್ಸು 96. ಕೈ ಮುಗೀತೇವಿ. ಆದರೆ ಲೆಕ್ಕ ಹಾಕ್ರಿ: 96 ವರ್ಷ ಬದುಕಿದ್ದಕ್ಕ ಸಿಕ್ಕಿತು. 60ಕ್ಕೆ ಸತ್ತವರ ಗತಿ ಏನು?

ಈಗ ನಮ್ಮ ಬೆನ್ನನ್ನೂ ನೋಡಿಕೊಳ್ಳೋಣ. ಬರೇ ಊರಿನವರನ್ನು ಬೈದರೆ ಸಾಲೂದಿಲ್ಲ. ಏಪ್ರಿಲ್ 14ರ ಜಯಂತಿಗೆ ನಾವೂ ಕರಪತ್ರ ಹಾಕಿಸ್ತೇವಿ. ಉದ್ಘಾಟನೆ ಯಾರದು, ಉಪನ್ಯಾಸ ಯಾರದು, ಶಾಸಕರ ಹೆಸರು, ಕಂತ್ರಾಟದಾರರ ಹೆಸರು, ನಮ್ಮ ನಮ್ಮ ಹೆಸರು. ಮೆರವಣಿಗೆಯ ಮುಂದೆ ಹಲಗಿ ಬಾರಿಸುವವನು ನಮ್ಮ ಕಾಕಾನೇ. ಹೋರಾಟದ ಪದ ಹಾಡಿ ಗಂಟಲು ಹರಕೊಂಡವನು ನಮ್ಮ ತಮ್ಮನೇ. ಓಣಿಯ ಗ್ವಾಡಿ ಮ್ಯಾಲೆ ಬಾಬಾಸಾಹೇಬರ ಚಿತ್ರ ಬರೆದವನು ಫ್ಲೆಕ್ಸ್ ಬಂದ ಮ್ಯಾಲೆ ಕುಂಚ ಕಟ್ಟಿಟ್ಟು ಗೋವಾಕ್ಕ ದುಡಿಯಾಕ ಹೋದ ನಮ್ಮ ಹುಡುಗನೇ. ಅವರ ಹೆಸರು ನಮ್ಮ ಕರಪತ್ರದಾಗ ಎಲ್ಲೈತಿ? ಮೇಲ್ಜಾತಿಯವರ "ಸಕಲ ವಾದ್ಯಮೇಳ"ವನ್ನು ನಾವು "ಕ್ರಾಂತಿಗೀತೆಗಳೊಂದಿಗೆ" ಅಂತ ಬದಲಿಸೇವಿ, ಅಷ್ಟೇ. ಇದು ನಮಗೆ ನಾಚಿಕೆ ತರುವ ಮಾತು. ಒಪ್ಪಿಕೊಳ್ಳೋಣ.

ಇನ್ನೊಂದು ತಕರಾರು ನಮ್ಮ ಒಳಗಿನದು. "ಹಲಗಿ ಅಂದ್ರ ಗುಲಾಮಗಿರಿ, ಅದನ್ನ ಸುಟ್ಟುಹಾಕಬೇಕು" ಅಂತ ಓದಿದ ಹುಡುಗರು ಹೇಳ್ತಾರ. ಅವರ ಸಿಟ್ಟು ನನಗೆ ಅರ್ಥ ಆಗ್ತದ. ಅಪ್ಪ ಹೆಣದ ಮುಂದ ಬಡೀತಿದ್ದ, ಮಗ ಶಾಲೆಯೊಳಗ ಆ ಹೆಸರಿನಿಂದ ಬೈಸಿಕೊಂಡಾನ. ಆ ಗಾಯ ಸಣ್ಣದಲ್ಲ. ಆದರೆ ಕಟ್ಟಿಹಾಕಿದ್ದು ಹಲಗಿ ಅಲ್ಲ, ವತನ. ಹಗ್ಗ ಕಡೀರಿ, ಎತ್ತಿಗೆ ಯಾಕ ಬೆಂಕಿ ಹಚ್ಚತೀರಿ? ನಮ್ಮ ಹಲಗಿ ಸುಟ್ಟರೆ ಊರಿನವರಿಗೆ ಏನೂ ಆಗೂದಿಲ್ಲ, ಡಿ.ಜೆ. ತರಿಸ್ತಾರ. ನಾಳೆ ಅವರ ಮಕ್ಕಳು ಕ್ಲಾಸಿಗೆ ಹೋಗಿ ಹಲಗಿ ಕಲಿತು ಸರ್ಟಿಫಿಕೇಟ ತಗೊಂಡು "ಜನಪದ ಕಲಾವಿದ" ಆಗ್ತಾರ. ಆಗ ದಾಖಲೆ ಅವರ ಕಡೆ ಇರ್ತದ, ಬೂದಿ ನಮ್ಮ ಕಡೆ.

ಚೌಡಿಕಿಯ ಮಾತೂ ಇಷ್ಟೇ. ದೇವದಾಸಿ ಸಮರ್ಪಣೆ ನಿಷೇಧ ಕಾಯ್ದೆ 1982ರಾಗ ಬಂತು. ಮುತ್ತು ಕಟ್ಟೂದು ಸಾಯಬೇಕು, ಅದರಾಗ ಎರಡು ಮಾತಿಲ್ಲ. ಆದರೆ ಆ ಅವ್ವನ ಕೊರಳಿನ ಪದ ಆಕಿಯದು. ಮುತ್ತು ಹರೀಲಿ, ಪದ ಉಳೀಲಿ. ಗೌರವದಿಂದ ಕೂಡಿಸಿ, ಸಂಭಾವನೆ ಕೊಟ್ಟು ಹಾಡಿಸೋಣ.

"ನಾವು ಬರೂದಿಲ್ಲ ಅಂದ್ರ ಊರಾಗ ಬಾಳೇವು ನಡೀತದೇನು?" ಅಂತ ಹಿರೇರು ಕೇಳ್ತಾರ. ಅಂಜಿಕೆ ಖರೆ ಐತಿ. ಗಂಗಾವತಿ ತಾಲೂಕಿನ ಮರಕುಂಬಿ ನೆನಸಿಕೊಳ್ರಿ. 2014ರ ಆಗಸ್ಟಿನಾಗ ಒಂದು ಸಿನೆಮಾ ಟಿಕೀಟಿನ ಜಗಳ ದಲಿತರ ಗುಡಿಸಲಿಗೆ ಬೆಂಕಿಯಾಗಿ ಬಂತು. ನಾವು ಕಲೆ ನೋಡಾಕ ಹೋದರೂ ಇಷ್ಟು ಬೆಲೆ! ಆದರೆ ಅದೇ ಮರಕುಂಬಿಯ ಮಂದಿ ಅಂಜದ ಸಾಕ್ಷಿ ಹೇಳಿದರು. ಹತ್ತು ವರ್ಷ ಆದ ಮ್ಯಾಲೆ, 2024ರ ಅಕ್ಟೋಬರದಾಗ ಕೊಪ್ಪಳದ ಕೋರ್ಟು 98 ಮಂದಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಸಂವಿಧಾನದ 23ನೇ ಕಲಮು ಬಿಟ್ಟಿ ದುಡಿಮೆ ನಿಷೇಧ ಮಾಡೈತಿ. 1989ರ ದೌರ್ಜನ್ಯ ತಡೆ ಕಾಯ್ದೆಯೊಳಗ ಬಿಟ್ಟಿ ಚಾಕರಿ ಮಾಡಿಸೂದು ಅಪರಾಧ, ಬಹಿಷ್ಕಾರ ಹಾಕೂದೂ ಅಪರಾಧ. ಒಬ್ಬನೇ ಬ್ಯಾಡ ಅಂದರೆ ಹೊಡೀತಾರ. ಓಣಿಗೆ ಓಣಿಯೇ ಬ್ಯಾಡ ಅಂದರೆ ಮಾತಾಡಾಕ ಬರ್ತಾರ.

ಅದಕ್ಕೆ ಬಂಧುಗಳೇ, ನಾಲ್ಕೂ ಊರಿನ ಓಣಿಗಳ ಮುಂದೆ ಈ ಮಾತುಗಳನ್ನು ಇಡತೇನೆ. ಸಭೆಯಲ್ಲಿ ಚರ್ಚೆ ಮಾಡ್ರಿ, ತಿದ್ದರಿ, ಆದರೆ ಬಿಡಬ್ಯಾಡ್ರಿ.

1. ಕರಪತ್ರದಾಗ ಹೆಸರು ಇಲ್ಲದಿದ್ದರೆ ಹಲಗಿ ಇಲ್ಲ, ಸನಾದಿ ಇಲ್ಲ, ಪದ ಇಲ್ಲ. ಬಾರಿಸುವವರ, ಹಾಡುವವರ ಪೂರ್ತಿ ಹೆಸರು, ಊರು ಅಚ್ಚಾಗಬೇಕು.

2. ಕೂಗಿಗೆ ಹೋಗೂದು ಬಂದ್. ಮನಿಗೆ ಬಂದು ಕರೀಬೇಕು, ಸಂಭಾವನೆ ಮೊದಲೇ ಮಾತಾಡಿ ಕಾಗದದ ಮ್ಯಾಲೆ ಬರೀಬೇಕು. ಊಟ ಎಲ್ಲರ ಪಂಕ್ತಿಯೊಳಗೆ.

3. ಊರಿನವರ ಹೆಣಕ್ಕೆ, ಡಂಗುರಕ್ಕೆ ಚಾಕರಿ ಅಂತ ಬಾರಿಸುವುದು ನಿಲ್ಲಬೇಕು.

4. ಪ್ರತಿ ಓಣಿಗೆ ಒಂದು ನೋಟುಬುಕ್ಕು. ಹಲಗಿ, ಕರಡಿ ಮಜಲು, ಸನಾದಿ, ಚೌಡಿಕಿ, ಭಜನಿ, ಗೀಗೀ ಪದ, ತೊಗಲುಗೊಂಬಿ, ತಾಂಡಾದ ಹೆಣ್ಣುಮಕ್ಕಳ ಹಾಡು-ಕುಣಿತ-ಕಸೂತಿ, ಗ್ವಾಡಿ ಚಿತ್ರ: ಯಾರು ಮಾಡ್ತಾರ, ಯಾರ ಹತ್ತಿರ ಕಲಿತರು, ಎಲ್ಲೆಲ್ಲಿ ಮಾಡಿದರು, ಎಲ್ಲಾ ಬರೀಬೇಕು. ಶಾಲೆಗೆ ಹೋಗುವ ಹುಡುಗಿಯರ ಕೈಗೆ ಈ ಕೆಲಸ ಕೊಡ್ರಿ, ಅವರು ಚೊಲೊ ಬರೀತಾರ. ಊರಿಗೆ ಬಂದವರು ಕಲಾವಿದರು ಎಲ್ಲಿ ಅದಾರ ಅಂತ ಕೇಳಿದರೆ ಈ ನೋಟುಬುಕ್ಕು ತೋರಿಸಬೇಕು.

5. ಕರಪತ್ರ, ಫೋಟೋ, ಪತ್ರ ಏನಿದ್ದರೂ ಜ್ವಾಕಿ ಮಾಡ್ರಿ. ಮುಪ್ಪಿನಾಗ ಅದೇ ಊರುಗೋಲು. ಹೆಸರಿಲ್ಲದ ಹಳೆಯ ಕರಪತ್ರಗಳಿಗೆ ಪಂಚಾಯತಿಯಿಂದ, ದೈವದವರಿಂದ ಬರಹದಲ್ಲಿ ಸಾಕ್ಷಿ ಕೇಳೋಣ. ಕಾಕಾನ ಅರ್ಜಿಯಿಂದಲೇ ಶುರು ಮಾಡೋಣ.

6. ವರ್ಷಕ್ಕೆ ಒಂದು ದಿನ ನಮ್ಮದೇ ಮೇಳ ಆಗಲಿ. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಸರದಿಯಂತೆ. ಗುಡಿ ಅಂಗಳ ಬ್ಯಾಡ, ಕಲ್ಯಾಣ ಮಂಟಪ ಬ್ಯಾಡ. ಓಣಿಯೊಳಗೇ ಆಗಲಿ. ಊರವರನ್ನೂ ಕರೆಯೋಣ. ಬರೂವರು ಬಂದು ನಮ್ಮ ಚಾಪೆ ಮ್ಯಾಲೆ ಕುಂತು ಕೇಳಲಿ, ನಮ್ಮ ಚಹಾ ಕುಡೀಲಿ. ಭಾಷಣ ಅರ್ಧ ತಾಸು ಮೀರಬಾರದು, ನಮ್ಮ ಮುಖಂಡರಿಗೂ ಇದೇ ನಿಯಮ!

ಬರುವ ಜಯಂತಿಯ ಕರಪತ್ರದಿಂದ ಶುರು ಮಾಡೋಣ. ಮ್ಯಾಲಿನ ಸಾಲಿನಾಗ ಬಾಬಾಸಾಹೇಬರ ಹೆಸರು. ಅದರ ಕೆಳಗ, ಶಾಸಕರಿಗಿಂತ ಮೊದಲು, ನಮ್ಮೆಲ್ಲರಿಗಿಂತ ಮೊದಲು, ಹಲಗಿ ಬಾರಿಸುವವರ ಹೆಸರು. ಜಾಗ ಸಾಲದಿದ್ದರೆ ನನ್ನ ಹೆಸರು ತೆಗೀರಿ.

ಕಾಕಾಗ ಓದಾಕ ಬರೂದಿಲ್ಲ. ಆದರೆ ಆ ಕರಪತ್ರ ಅವರ ಕೈಯಾಗ ಕೊಟ್ಟಾಗ ಬೆರಳು ಎಲ್ಲಿ ಇಡಬೇಕು ಅನ್ನೂದು ಅವರಿಗೆ ಗೊತ್ತಾಗಬೇಕು.

ಜೈ ಭೀಮ್!